ಇಂಟರ್‌ವಲ್ ಇಲ್ಲದ ಊರಿನಲ್ಲಿ ಒಂದು ಗೂಢಚಾರಿ ಸಿನಿಮಾ

ಪರದೆಯ ಮೇಲೆ ‘ಇಂಟರ್‌ವಲ್’ ಎಂಬ ಅಕ್ಷರಗಳು ಮೂಡಿದ್ದೇ ತಡ, ಅಪ್ಪ ಚಪ್ಪಲಿ ಮೆಟ್ಟಿಕೊಂಡು ಎದ್ದು ನಿಂತರು. ಮೈಸೂರಿನ ಚಿತ್ರಮಂದಿರಗಳಲ್ಲಿ ಪಳಗಿದ ಕಾಲುಗಳು ಅವು; ಆ ಪದ ಕಂಡರೆ ತಾವಾಗಿಯೇ ಬಾಗಿಲ ಕಡೆಗೆ ನಡೆಯುತ್ತವೆ. ಆದರೆ ಅವರು ಬಾಗಿಲು ತಲುಪುವ ಮೊದಲೇ ಅಕ್ಷರಗಳು ಮಾಯವಾಗಿ ಮುಂದಿನ ದೃಶ್ಯ ಆರಂಭವಾಗಿತ್ತು. ಅಮೆರಿಕದ ಚಿತ್ರಮಂದಿರಗಳಲ್ಲಿ ಮಧ್ಯಂತರದ ವಿರಾಮ ಕೊಡುವ ರೂಢಿಯಿಲ್ಲ. ಭಾರತದಿಂದ ಬಂದ ಚಿತ್ರ ಆ ಒಂದು ಪದವನ್ನು ತೋರಿಸಿ ಹಾಗೆಯೇ ಮುಂದೆ ಓಡುತ್ತದೆ. ಕಾಲು ಗಂಟೆಯ ಬಳಿಕ ಕತ್ತಲೆಯಲ್ಲಿ ತಡವರಿಸುತ್ತ ಬಂದು ಕುಳಿತ ಅಪ್ಪ ನನ್ನ ಕಿವಿಯ ಬಳಿ ಬಾಗಿ ಕೇಳಿದರು: “ಏನೇನಾಯ್ತೋ?”

“ಏನೂ ಆಗಲಿಲ್ಲ ಅಪ್ಪಾ” ಎಂದೆ.

ಅದು ನಿಜವೂ ಆಗಿತ್ತು.

ಅದು 2025ರ ಆಗಸ್ಟ್ 16, ಶನಿವಾರ. ಚಿತ್ರ ‘ವಾರ್ 2’. ನ್ಯೂಜೆರ್ಸಿಯ ಈಸ್ಟ್ ಬ್ರನ್ಸ್‌ವಿಕ್ ಸುಮಾರು 50 ಸಾವಿರ ಜನರಿರುವ ಊರು. ಬೆಳಿಗ್ಗೆ ನ್ಯೂಯಾರ್ಕಿಗೆ ಬಸ್ಸು ಹತ್ತಿ ಹೋಗಿ ರಾತ್ರಿ ಮರಳುವವರು ನಮ್ಮ ಬೀದಿಯಲ್ಲಿ ಬಹಳ ಮಂದಿ. ಕಾರಿಲ್ಲದೆ ಇಲ್ಲಿ ಹಾಲು ತರುವುದೂ ಕಷ್ಟ. ಹೀಗಾಗಿ ಊರಿನಿಂದ ಬಂದ ಹಿರಿಯರಿಗೆ ವಾರದ ಐದು ದಿನ ಕಿಟಕಿಯೇ ಪ್ರಪಂಚ. ಶನಿವಾರದ ಸಿನಿಮಾ ಒಂದು ಹಬ್ಬ. ಆ ವಾರ ಹಬ್ಬಕ್ಕೆ ಆಯ್ಕೆಯೂ ಇತ್ತು. ರಜನೀಕಾಂತರ ‘ಕೂಲಿ’ ಮತ್ತು ‘ವಾರ್ 2’ ಎರಡೂ ಆಗಸ್ಟ್ 14ರಂದು ಬಿಡುಗಡೆಯಾಗಿದ್ದವು. ಉಪೇಂದ್ರ ಮತ್ತು ರಚಿತಾ ರಾಮ್ ಇದ್ದಾರೆಂದು ನನ್ನ ಹೆಂಡತಿ ‘ಕೂಲಿ’ಯ ಪರ ವಾದಿಸಿದಳು. ಅಪ್ಪನದು ಒಂದೇ ಮಾತು: “ಗೂಢಚಾರಿ ಸಿನಿಮಾ ಇದ್ದರೆ ಅದಕ್ಕೇ ಹೋಗೋಣ.”

ಯಶ್ ರಾಜ್ ಸಂಸ್ಥೆಯ ಗೂಢಚಾರಿ ಸರಣಿ ಶುರುವಾದದ್ದು 2012ರ ‘ಏಕ್ ಥಾ ಟೈಗರ್’ ಚಿತ್ರದಿಂದ. ‘ಟೈಗರ್ ಜಿಂದಾ ಹೈ’, ‘ವಾರ್’, ‘ಪಠಾಣ್’, ‘ಟೈಗರ್ 3’ ಕಳೆದು ಇದು ಆರನೆಯದು. ಹೃತಿಕ್ ರೋಷನ್ ಎದುರಿಗೆ ಜೂನಿಯರ್ ಎನ್‌ಟಿಆರ್. ಅವರಿಗೆ ಇದು ಮೊದಲ ಹಿಂದಿ ಚಿತ್ರ. ಹತ್ತಿರ ಹತ್ತಿರ ಮೂರು ಗಂಟೆಯ ಈ ಚಿತ್ರದಲ್ಲಿ ನಾಯಕರಿಬ್ಬರೂ ದೇಶದಿಂದ ದೇಶಕ್ಕೆ ಹಾರಿ ಹೊಡೆದಾಡುತ್ತಾರೆ, ನಡುವೆ ಜೊತೆಯಾಗಿ ಕುಣಿಯುತ್ತಾರೆ, ಕೊನೆಗೆ ಬಾಲ್ಯದ ಗೆಳೆತನದ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತಾರೆ.

ನನ್ನ ಗಮನವೆಲ್ಲ ಪರದೆಗಿಂತ ಹೆಚ್ಚಾಗಿ ಸಭಾಂಗಣದ ಮೇಲಿತ್ತು. ಸುತ್ತ ಕುಳಿತವರಲ್ಲಿ ತೆಲುಗು, ಹಿಂದಿ, ಗುಜರಾತಿ, ಕನ್ನಡ ಮಾತಾಡುವವರೇ ಹೆಚ್ಚು. ಮೊದಲ ಅರ್ಧ ಗಂಟೆ ಅಲ್ಲಲ್ಲಿ ಶಿಳ್ಳೆ, ಚಪ್ಪಾಳೆ. ಬಳಿಕ ಒಂದೊಂದೇ ಫೋನಿನ ಬೆಳಕು ಹೊತ್ತಿಕೊಂಡಿತು. ಗಂಭೀರ ದೃಶ್ಯವೊಂದರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕು ತಕ್ಷಣ ತಡೆದುಕೊಂಡರು. ಆದರೂ ಯಾರೂ ಎದ್ದು ಹೋಗಲಿಲ್ಲ, ಯಾರೂ ಬೈಯಲಿಲ್ಲ. ಹೆಸರುಗಳು ಉರುಳಿದ ಮೇಲೆ ಸರಣಿಯ ಮುಂದಿನ ಚಿತ್ರದ ಸೂಚನೆಯಾಗಿ ಬರುವ ತುಣುಕನ್ನೂ ಕುಳಿತೇ ನೋಡಿದರು. ಆಮೇಲೆ ಪಾಪ್‌ಕಾರ್ನಿನ ಬಕೆಟ್ಟುಗಳನ್ನು ಕಸದ ಡಬ್ಬಿಗೆ ಹಾಕಿ, ಒಬ್ಬರಿಗೊಬ್ಬರು ಬಾಗಿಲು ಹಿಡಿದು, ಶವಸಂಸ್ಕಾರದಿಂದ ಮರಳುವವರಂತೆ ಮೌನವಾಗಿ ಹೊರಬಂದರು.

ಮಾತು ಹೊರಟಿದ್ದು ಪಾರ್ಕಿಂಗ್ ಲಾಟಿನಲ್ಲಿ. ನಮ್ಮದು ಮೂರು ಕುಟುಂಬಗಳು, ಎರಡು ಕಾರುಗಳು. ಹೈದರಾಬಾದಿನ ಗೆಳೆಯನಿಗೆ ನಿಜವಾಗಿಯೂ ನೋವಾಗಿತ್ತು: ತಾನು ಹುಡುಗನಾಗಿದ್ದಾಗಿನಿಂದ ಆರಾಧಿಸಿದ ನಟನನ್ನು ಉತ್ತರದವರು ಕರೆದೊಯ್ದು ಬರೀ ಮೈಕಟ್ಟು ತೋರಿಸಿ ಕಳುಹಿಸಿದರಲ್ಲ ಎಂದು. ಜೂನಿಯರ್ ಎನ್‌ಟಿಆರ್ ಅವರ ತಾಯಿ ಕುಂದಾಪುರದ ಕಡೆಯವರು. ಹೀಗಾಗಿ ನಮ್ಮ ಕುಂದಾಪುರದ ಗೆಳತಿಯೂ ‘ನಮ್ಮೂರ ಮಗ’ನ ಪರವಾಗಿ ದನಿಗೂಡಿಸಿದರು. ನನ್ನ ಮಗಳ ದೂರು ಗ್ರಾಫಿಕ್ಸ್ ಬಗ್ಗೆ. ತನ್ನ ವಿಡಿಯೊ ಗೇಮಿನಲ್ಲಿ ಇದಕ್ಕಿಂತ ನಂಬುವಂತಹ ಬೆಂಕಿ ಉರಿಯುತ್ತದೆ ಎಂದಳು. ಕೆಲವೇ ವಾರಗಳ ಹಿಂದೆ ತೆರೆಕಂಡಿದ್ದ ಕನ್ನಡದ ‘ಸು ಫ್ರಮ್ ಸೋ’ ನೆನಪಾಯಿತು. ದೊಡ್ಡ ತಾರೆಯಿಲ್ಲದ, ಕರಾವಳಿಯ ಒಂದು ಹಳ್ಳಿಯನ್ನು ದಾಟದ ಆ ಚಿತ್ರ ನಮ್ಮನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿತ್ತು. ಒಂದು ಗಂಟೆ ಕಳೆಯಿತು. ಚಿತ್ರಕ್ಕಿಂತ ಅದರ ಬೈಗುಳವೇ ರಂಜನೀಯವಾಗಿತ್ತು.

ಎಲ್ಲವನ್ನೂ ಕೇಳುತ್ತ ನಿಂತಿದ್ದ ಅಪ್ಪ ಕಾರು ಹತ್ತುವಾಗ ಹೇಳಿದರು: “ಇಷ್ಟೊಂದು ಹೇಳೋದಿತ್ತಲ್ಲ, ಒಳಗೆ ಯಾಕೆ ಒಬ್ಬರೂ ಬಾಯಿ ಬಿಡಲಿಲ್ಲ?”

ಅವರ ಪ್ರಶ್ನೆಯ ಹಿಂದೆ ಒಂದು ಇತಿಹಾಸವಿದೆ. 1968ರಲ್ಲಿ ‘ಜೇಡರ ಬಲೆ’ ಬಿಡುಗಡೆಯಾದಾಗ ಅಪ್ಪ ಕಾಲೇಜು ಹುಡುಗ. ದೊರೆ–ಭಗವಾನ್ ಜೋಡಿ ಬಾಂಡ್ ಚಿತ್ರಗಳ ಮಾದರಿಯಲ್ಲಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಪ್ರಕಾಶ್ ಆಗಿ ತೆರೆಗೆ ತಂದಿತ್ತು. ಪುರಾಣದ ಕಿರೀಟ ಧರಿಸುತ್ತಿದ್ದ ನಟ ಕೋಟು ತೊಟ್ಟು ಪಿಸ್ತೂಲು ಹಿಡಿದದ್ದನ್ನು ಕಂಡು ಗಾಂಧಿ ಕ್ಲಾಸಿನವರು ಹುಚ್ಚೆದ್ದು ಕುಣಿದರಂತೆ. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ ಬಂದವು. ಮುಂದೆ ಹಿಂದಿಯಲ್ಲಿ ದೊಡ್ಡ ತಾರೆಯಾದ ರೇಖಾ ಈ ಮೂರನೆಯ ಚಿತ್ರದ ನಾಯಕಿ. ನಾಲ್ಕನೆಯದಾದ ‘ಆಪರೇಷನ್ ಡೈಮಂಡ್ ರಾಕೆಟ್’ ಬರುವಷ್ಟರಲ್ಲಿ 1978 ಆಗಿತ್ತು.

“ಆ ನಾಲ್ಕನೆಯದಕ್ಕೆ ನಾವು ನಾಲ್ಕು ಜನ ಸ್ನೇಹಿತರು ಆಫೀಸಿಗೆ ರಜೆ ಹಾಕಿ ಹೋಗಿದ್ವಿ” ಎಂದು ಅಪ್ಪ ಕಾರಿನಲ್ಲಿ ಶುರುಮಾಡಿದರು. “ಮೊದಲಿನ ಬಿಸಿ ಇರಲಿಲ್ಲ ಕಣೋ. ಅಣ್ಣಾವ್ರು ಅಷ್ಟರಲ್ಲಿ ‘ಬಂಗಾರದ ಮನುಷ್ಯ’ ಆಗಿಬಿಟ್ಟಿದ್ದರು, ‘ಮಯೂರ’ ಆಗಿದ್ದರು. ನಮಗೂ ವಯಸ್ಸಾಗಿತ್ತು. ಮುಂದಿನ ಸಾಲಿನವನೊಬ್ಬ ಎದ್ದು ನಿಂತು, ‘ಭಗವಾನ್ ಸಾರ್, ನಮ್ಮ ಹಳೇ ಪ್ರಕಾಶ್‌ನ ವಾಪಸ್ ಕೊಡಿ’ ಅಂತ ಕೂಗಿದ. ಇಡೀ ಥಿಯೇಟರ್ ನಕ್ಕಿತು. ನಕ್ಕು ಮತ್ತೆ ಸಿನಿಮಾ ನೋಡಿದೆವು.”

ಇದು ಅಪ್ಪನ ಮತ್ತು ಅವರ ಸ್ನೇಹಿತರ ತೀರ್ಪು. ಆ ಚಿತ್ರವನ್ನು ಮೆಚ್ಚಿದವರು ಬೇಕಾದಷ್ಟು ಮಂದಿ. ಅದರಲ್ಲಿ ರಾಜ್‌ಕುಮಾರ್ ಹಾಡಿದ ಇಂಗ್ಲಿಷ್ ಗೀತೆ ಇಂದಿಗೂ ಇಲ್ಲಿನ ಕನ್ನಡಿಗರ ಕಾರ್ಯಕ್ರಮಗಳಲ್ಲಿ ಕೇಳಿದರೆ ಜನ ಕುರ್ಚಿ ಬಿಟ್ಟು ಏಳುತ್ತಾರೆ. ಆದರೆ ರಾಜ್‌ಕುಮಾರ್ ಮತ್ತೆ ಸಿಐಡಿ 999 ಆಗಲಿಲ್ಲ. ಹತ್ತು ವರ್ಷ, ನಾಲ್ಕು ಚಿತ್ರ. ಅಲ್ಲಿಗೆ ಸರಣಿ ನಿಂತಿತು.

ಎಲ್ಲ ಸರಣಿಗಳೂ ಹಾಗೆ ನಿಲ್ಲುವುದಿಲ್ಲ. ಜೇಮ್ಸ್ ಬಾಂಡ್ 1962ರಿಂದ 2021ರವರೆಗೆ 25 ಚಿತ್ರಗಳಲ್ಲಿ ಬಂದಿದ್ದಾನೆ. ಇಪ್ಪತ್ತನೆಯದಾದ ‘ಡೈ ಅನದರ್ ಡೇ’ (2002) 43 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು; ಆದರೆ ಅದರ ಕಣ್ಣಿಗೆ ಕಾಣದ ಕಾರನ್ನು ಅಭಿಮಾನಿಗಳು ಇಂದಿಗೂ ಕ್ಷಮಿಸಿಲ್ಲ. ಗಲ್ಲಾಪೆಟ್ಟಿಗೆ ತುಂಬಿದ್ದರೂ ನಿರ್ಮಾಪಕರು ನಾಯಕನನ್ನೂ ಧಾಟಿಯನ್ನೂ ಬದಲಿಸಿ, 2006ರಲ್ಲಿ ‘ಕ್ಯಾಸಿನೊ ರಾಯಲ್’ ಮೂಲಕ ಮೊದಲಿನಿಂದ ಶುರುಮಾಡಿದರು. ‘ಸ್ಪೆಕ್ಟರ್’ (2015) ಬಂದಾಗ ನಮ್ಮವರು ನಿರಾಶೆಯಲ್ಲಿಯೂ ನಕ್ಕರು. ಅದು ಅಮೆರಿಕದಲ್ಲಿ ನವೆಂಬರ್ 6ರಂದು, ಭಾರತದಲ್ಲಿ ಎರಡು ವಾರ ತಡವಾಗಿ 20ರಂದು ತೆರೆಕಂಡಿತು. ಭಾರತದ ಸೆನ್ಸಾರ್ ಮಂಡಳಿ ಚುಂಬನದ ದೃಶ್ಯಗಳನ್ನು ಅರ್ಧಕ್ಕೆ ಇಳಿಸಿದ್ದರಿಂದ ಅಲ್ಲಿನವರು ‘ಸಂಸ್ಕಾರಿ ಬಾಂಡ್’ ಎಂದು ಹಾಸ್ಯ ಮಾಡಿದರು. ಇಲ್ಲಿ ಪೂರ್ಣ ಚಿತ್ರ ನೋಡಿದವರ ದೂರು ಬೇರೆ: ಖಳನಾಯಕ ಬಾಂಡ್‌ನ ಬಾಲ್ಯದ ಸಾಕುಸೋದರನೇ ಎಂಬ ತಿರುವು ಯಾರಿಗೂ ರುಚಿಸಲಿಲ್ಲ. ‘ವಾರ್ 2’ ಚಿತ್ರದ ಬಾಲ್ಯದ ಗೆಳೆತನ ನೋಡುವಾಗ ಅದೇ ನೆನಪಾಯಿತು. ಹೊಸ ಶತ್ರು ಹೊಳೆಯದೇ ಹೋದಾಗ ಸರಣಿಗಳು ನಾಯಕನ ಹಳೆಯ ಮನೆಯ ಅಟ್ಟ ಹತ್ತಿ ಹುಡುಕತೊಡಗುತ್ತವೆ.

ನಿರಾಶೆಯನ್ನು ಬಾಯಿಬಿಟ್ಟು ಹೇಳುವುದಕ್ಕೂ ಬೆಲೆಯಿದೆ ಎಂಬುದಕ್ಕೆ ಅಮೆರಿಕದಲ್ಲೇ ಒಂದು ಕಥೆಯಿದೆ. ಎಡ್ ಮಿಂಟ್ಜ್ ಎಂಬವರು ನಾಟಕಕಾರ ನೀಲ್ ಸೈಮನ್‌ರ ಅಭಿಮಾನಿ. 1978ರಲ್ಲಿ ಸೈಮನ್ ಬರೆದ ‘ದ ಚೀಪ್ ಡಿಟೆಕ್ಟಿವ್’ ಎಂಬ ಪತ್ತೇದಾರಿ ಹಾಸ್ಯಚಿತ್ರಕ್ಕೆ ಆಸೆಯಿಂದ ಹೋಗಿ ನಿರಾಶರಾಗಿ ಹೊರಬಂದರು. ವಿಮರ್ಶಕರ ಮಾತು ಬೇಡ, ಸಾಮಾನ್ಯ ಪ್ರೇಕ್ಷಕ ಏನನ್ನುತ್ತಾನೆಂದು ತಿಳಿಯಬೇಕು ಎಂದು ಅಲ್ಲಿ ಯಾರೋ ಆಡಿದ ಮಾತು ಅವರ ತಲೆಯಲ್ಲಿ ಉಳಿಯಿತು. ಅದರಿಂದ ಹುಟ್ಟಿದ್ದು ‘ಸಿನಿಮಾಸ್ಕೋರ್’. ಬಿಡುಗಡೆಯ ದಿನ ಆಯ್ದ ಚಿತ್ರಮಂದಿರಗಳಲ್ಲಿ ಪ್ರೇಕ್ಷಕರ ಕೈಗೆ ಒಂದು ಕಾರ್ಡು ಕೊಡುತ್ತಾರೆ. ಅವರು ಅಂಚಿನ ಪಟ್ಟಿಯನ್ನು ಮಡಚಿ ಅಂಕ ಕೊಡುತ್ತಾರೆ. ಎ ಪ್ಲಸ್‌ನಿಂದ ಎಫ್‌ವರೆಗಿನ ಆ ಶ್ರೇಣಿಯನ್ನು ಹಾಲಿವುಡ್ ಇಂದಿಗೂ ಕಾಯುತ್ತದೆ. ಒಬ್ಬ ಅಭಿಮಾನಿಯ ನಿರಾಶೆ ಒಂದು ಉದ್ಯಮವೇ ಆಯಿತು.

ಹಾಗಾದರೆ ನಾವೇಕೆ ಸುಮ್ಮನಿದ್ದೆವು? ಸಭ್ಯತೆ ಒಂದು ಕಾರಣ. ಪಕ್ಕದವನಿಗೆ ತೊಂದರೆ ಕೊಡಬಾರದು ಎಂಬ ಇಲ್ಲಿನ ಪಾಠ ಒಳ್ಳೆಯದೇ. ನಾಲ್ವರ ಟಿಕೆಟ್ಟಿಗೂ ತಿಂಡಿಗೂ ನೂರು ಡಾಲರಿನ ಹತ್ತಿರ ಖರ್ಚಾದ ಮೇಲೆ ಚಿತ್ರ ಕೆಟ್ಟದ್ದೆಂದು ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ ಎಂಬುದು ಇನ್ನೊಂದು. ಮೂರನೆಯದು ಇನ್ನೂ ಹಳೆಯದು. ಶಾಲೆಯ ಸಭಾಂಗಣ ಬಾಡಿಗೆ ಹಿಡಿದು ವರ್ಷಕ್ಕೆ ಒಂದೆರಡು ಕನ್ನಡ ಚಿತ್ರ ತರಿಸಿ ನೋಡುತ್ತಿದ್ದ ದಿನಗಳನ್ನು ಇಲ್ಲಿನ ಹಿರಿಯರು ನೆನೆಯುತ್ತಾರೆ. ಆಗ ಕೆಟ್ಟ ಚಿತ್ರವೆಂಬುದೇ ಇರಲಿಲ್ಲ, ಬಂದದ್ದೇ ಭಾಗ್ಯ. ಆ ಕಾಲ ಹೋಯಿತು, ಕೃತಜ್ಞತೆಯ ಅಭ್ಯಾಸ ಮಾತ್ರ ಉಳಿಯಿತು. ಅದಕ್ಕೊಂದು ಸಿದ್ಧ ವಾಕ್ಯವೂ ಇದೆ: “ಪರವಾಗಿಲ್ಲ, ಒಂದು ಸಲ ನೋಡಬಹುದು.”

ಭಾನುವಾರ ಬೆಳಿಗ್ಗೆ, ಊರಿನಲ್ಲಿ ಸಂಜೆಯಾಗಿದ್ದಾಗ, ಎಂದಿನಂತೆ ಅಕ್ಕನ ಮನೆಗೆ ಫೋನು ಮಾಡಿದೆವು. ಅವಳ ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಎಂಎಸ್ ಮಾಡಲು ಇಲ್ಲಿಗೆ ಬರುವ ಆಸೆ.

“ಮಾವ, ‘ವಾರ್ 2’ ಹೇಗಿತ್ತು?”

“ಪರವಾಗಿಲ್ಲ ಕಣೋ, ಒಂದು ಸಲ...”

“ನೋಡಬೇಡ!” ಎಂದು ಪಕ್ಕದಿಂದ ಅಪ್ಪ ಕೂಗಿದರು. ಆ ಕಡೆ ನಗು.

ನಂತರದ ಪ್ರಶ್ನೆ: “ಅಲ್ಲಿ ಕೆಲಸ ಸಿಗೋದು ಹೇಗಿದೆ ಮಾವ?” ನನ್ನ ನಾಲಿಗೆಯ ತುದಿಯಲ್ಲಿ ಅದೇ ‘ಪರವಾಗಿಲ್ಲ’ ಸಿದ್ಧವಾಗಿತ್ತು. ಹತ್ತಾರು ವರ್ಷ ಅಪ್ಪ ಅಮ್ಮನಿಗೂ ಅದನ್ನೇ ಹೇಳಿಕೊಂಡು ಬಂದಿದ್ದೇನೆ: ಕೆಲಸ ಹೋದ ವರ್ಷದಲ್ಲಿಯೂ, ವೀಸಾ ಕಾಗದಕ್ಕಾಗಿ ನಿದ್ದೆಗೆಟ್ಟ ರಾತ್ರಿಗಳಲ್ಲಿಯೂ. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು.

ಇದ್ದದ್ದನ್ನು ಇದ್ದಂತೆ ಹೇಳಿದೆ. ಪದವಿ ಮುಗಿದ ಮೇಲೆ ಒಂದು ವರ್ಷ, ವಿಜ್ಞಾನ–ತಂತ್ರಜ್ಞಾನದ ವಿಷಯವಾದರೆ ಇನ್ನೆರಡು ವರ್ಷ ಕೆಲಸಕ್ಕೆ ಅನುಮತಿ ಸಿಗುತ್ತದೆ. ಅಷ್ಟರೊಳಗೆ ಎಚ್-1ಬಿ ಲಾಟರಿಯಲ್ಲಿ ಹೆಸರು ಬರಬೇಕು. ವರ್ಷಕ್ಕೆ ಇರುವುದು ಒಟ್ಟು 85 ಸಾವಿರ, ಅದರಲ್ಲಿ 20 ಸಾವಿರ ಇಲ್ಲಿನ ಸ್ನಾತಕೋತ್ತರ ಪದವೀಧರರಿಗೆ ಮೀಸಲು. ಬರದಿದ್ದರೆ ಸಾಲ ಹೊತ್ತುಕೊಂಡೇ ಮರಳಬೇಕಾಗಬಹುದು. ಬಂದರೂ ಗ್ರೀನ್ ಕಾರ್ಡಿನ ಸಾಲು ಮುಗಿಯುವುದಿಲ್ಲ. ಸ್ನಾತಕೋತ್ತರ ಪದವಿಯ ವರ್ಗದಲ್ಲಿ ಹನ್ನೆರಡು ವರ್ಷಗಳಿಗೂ ಹಿಂದೆ ಅರ್ಜಿ ಹಾಕಿದ ಭಾರತೀಯರಿಗೇ ಈಗ ಸರದಿ ಬಂದಿರುವುದು. ಹಾಗೆಯೇ, ನಾನು ಬಂದದ್ದಕ್ಕೆ ಪಶ್ಚಾತ್ತಾಪವಿಲ್ಲ ಎಂಬುದನ್ನೂ ಹೇಳಿದೆ. ಅದೂ ನಿಜ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಮಧ್ಯದಲ್ಲಿ ಅಕ್ಕನ ಕುಕ್ಕರ್ ಒಮ್ಮೆ ಕೂಗಿತು.

“ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ ಮಾವ” ಎಂದ. “ಆದ್ರೂ ಅಪ್ಲೈ ಮಾಡ್ತೀನಿ. ಲೆಕ್ಕ ಹಾಕಿಕೊಂಡು ಮಾಡ್ತೀನಿ. ಮತ್ತೆ ತಾತಾ, ‘ವಾರ್ 2’ಗೂ ಹೋಗ್ತಾ ಇದ್ದೀನಿ. ಇವತ್ತು ರಾತ್ರಿ ಶೋಗೆ ಟಿಕೆಟ್ ಬುಕ್ ಆಗಿಬಿಟ್ಟಿದೆ.”

ಅಪ್ಪ ಜೋರಾಗಿ ನಕ್ಕರು. “ಹೋಗು ಹೋಗು” ಎಂದರು. “ನಿನಗೆ ಅಲ್ಲಿ ಇಂಟರ್‌ವಲ್ ಆದರೂ ಕೊಡ್ತಾರೆ.”