ಲ್ಯಾಟಿನ್ನಿನೊಳಗೆ ಒಂದು ಕಾನು

ಶಿಕಾರಿಪುರದಿಂದ ಸೊರಬದ ಕಡೆಗೆ ಹೋಗುತ್ತಿದ್ದಂತೆ ಎಲೆ ಉದುರಿಸುವ ಕಾಡು ಹಿಂದೆ ಸರಿದು, ಗದ್ದೆ, ತೋಟಗಳ ನಡುವೆ ಕಡುಹಸಿರು ಕಾಡಿನ ತುಣುಕುಗಳು ಕಾಣಿಸುತ್ತವೆ. ಅವೇ ಕಾನುಗಳು. ಕಾಳುಮೆಣಸು, ಬೈನೆ ಮರ, ಬತ್ತದ ನೀರು, ಒಳಗೊಂದು ದೇವರ ಕಲ್ಲು ಇದ್ದುದರಿಂದ ಊರವರು ಕೊಡಲಿ ಹಾಕದೆ ಉಳಿಸಿಕೊಂಡ ಕಾಡುಗಳಿವು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆಯೇ ಒಂದು ವರದಿ ಬರೆದರು. ಈ 'ಕಾನು' ಎಂಬ ನಮ್ಮ ಮಾತು ಇಂದು ಒಂದು ಮರದ ವೈಜ್ಞಾನಿಕ ಹೆಸರಿನಲ್ಲೂ ಇದೆ.

ಸೊರಬದ ಪಕ್ಕದ ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಇದೆ. ಅಲ್ಲಿನ ರಾಂಪತ್ರೆ ಜಡ್ಡಿಯಲ್ಲಿ, ಅಂದರೆ ರಾಂಪತ್ರೆ ಮರಗಳ ಜೌಗಿನಲ್ಲಿ, ಕೆಸರಿನಿಂದ ಮೊಣಕಾಲಿನಂತೆ ಮೇಲೇಳುವ ಬೇರುಗಳ ನಡುವೆ ಸಿಕ್ಕ ಮರವನ್ನು ದಾಸಪ್ಪ ಮತ್ತು ಎಂ.ಎಚ್. ಸ್ವಾಮಿನಾಥ್ 2000ದಲ್ಲಿ ಹೊಸ ಪ್ರಭೇದವೆಂದು ಪ್ರಕಟಿಸಿದರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್.

ಮೊದಲ ಪದ ಕುಲದ ಹೆಸರು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ 'ಗುರುತಿನ ಹಣ್ಣು'. ಮಡಿವಾಳರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕರಿಗೇರು ಇದೇ ಕುಲದ್ದು. ಮಾವು, ಗೋಡಂಬಿ ಇದೇ ಕುಟುಂಬದವು. ಎರಡನೆಯ ಪದದ ಕೊನೆಯ 'ಎನ್ಸಿಸ್' ಎಂದರೆ 'ಆ ಊರಿನದು'. ಹೀಗೆ ಎರಡೇ ಪದಗಳಲ್ಲಿ ಮರದ ನೆಂಟಸ್ತಿಕೆಯೂ ನೆಲೆಯೂ ತಿಳಿಯುತ್ತವೆ.

ಹೆಸರಿಟ್ಟ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಒಣಗಿಸಿದ ಎಲೆ, ಹೂ, ಕಾಯಿಗಳ ಒಂದು ಮಾದರಿಯನ್ನು ಸಸ್ಯ ಸಂಗ್ರಹಾಲಯದಲ್ಲಿ ಇಡಬೇಕು. ಮುಂದೆ ಯಾರಿಗೆ ಅನುಮಾನ ಬಂದರೂ ಅದೇ ಸಾಕ್ಷಿ. 2011ರ ಕೊನೆಯವರೆಗೆ ಹೊಸ ಸಸ್ಯದ ಲಕ್ಷಣಗಳನ್ನು ಲ್ಯಾಟಿನ್ನಿನಲ್ಲೇ ಬರೆಯಬೇಕಿತ್ತು.

ಹೆಸರಿಟ್ಟ ಮೇಲೆ ಕುಲ ಬದಲಾಗುವುದೂ ಉಂಟು. ಪ್ರಾಣಿಗಳಿಂದ ಒಂದು ಉದಾಹರಣೆ ನೋಡಿ. ಉಷ್ಣವಲಯದ ಕಡಲಲ್ಲಿ ಸ್ಪಂಜುಗಳ ಸಂದಿಯಲ್ಲಿ ಬದುಕುವ ಒಂದು ಬ್ರಿಟಲ್ ಸ್ಟಾರ್ ಇದೆ. ನಕ್ಷತ್ರಮೀನಿನ ಈ ನೆಂಟ ತನ್ನ ಮೈಯನ್ನೇ ಎರಡಾಗಿ ಸೀಳಿಕೊಂಡು ಸಂತಾನ ಹೆಚ್ಚಿಸಿಕೊಳ್ಳುತ್ತದೆ. 1842ರಲ್ಲಿ ಮ್ಯುಲರ್ ಮತ್ತು ಟ್ರೋಷೆಲ್ ಎಂಬ ವಿಜ್ಞಾನಿಗಳು ಹೆಸರಿಡುವಾಗ ಅದನ್ನು ಓಫಿಯೊಲೆಪಿಸ್ ಕುಲಕ್ಕೆ ಸೇರಿಸಿದ್ದರು. ಈಗ ಅದು ಓಫಿಯಾಕ್ಟಿಸ್ ಸವಿನ್ಯಿ. ಕುಲ ಬದಲಾದರೂ 'ಸವಿನ್ಯಿ' ಉಳಿಯಿತು. ವೈಜ್ಞಾನಿಕ ಹೆಸರಿನ ಜೊತೆ ಬರೆಯುವ, ಮೊದಲು ಹೆಸರಿಟ್ಟವರ ಹೆಸರುಗಳು ಈಗ ಆವರಣದೊಳಗೆ ನಿಲ್ಲುತ್ತವೆ. ಆ ಆವರಣ ಕಂಡರೆ ಪ್ರಾಣಿಯ ಕುಲ ಬದಲಾಗಿದೆ ಎಂದು ತಿಳಿಯಬೇಕು. ನಾಳೆ ಕತ್ತಲೆಕಾನಿನ ಮರಕ್ಕೂ ಬೇರೆ ಕುಲ ಒದಗಬಹುದು. ಆದರೂ ಊರಿನ ಹೆಸರು ಅದರ ಜೊತೆಗೇ ಹೋಗುತ್ತದೆ.

ಈ ಮರದಲ್ಲಿ ಗಂಡು, ಹೆಣ್ಣು ಬೇರೆ ಬೇರೆ. ಹತ್ತಿರ ಗಂಡುಮರವಿಲ್ಲದಿದ್ದರೆ ಹೆಣ್ಣುಮರಕ್ಕೆ ಕಾಯಿಯಿಲ್ಲ. ಇದನ್ನು ಅರಿತ ಶಿರಸಿಯ ಅರಣ್ಯ ಮಹಾವಿದ್ಯಾಲಯದ ಸಂಶೋಧಕರು ಬೀಜ ಆಯ್ದು, ಸಸಿ ಬೆಳೆಸಿ, ಜಡ್ಡಿಗಳಲ್ಲಿ ನೆಡುವ ಕೆಲಸ ಮಾಡಿದ್ದಾರೆ. ಬೇರೆ ಪ್ರಭೇದವೆಂದು ಗುರುತಿಸದಿದ್ದರೆ ಅದು ಕಾಡಿನ ಇನ್ನೊಂದು ಗೇರುಮರವಾಗಿಯೇ ಉಳಿಯುತ್ತಿತ್ತು. ಅದರ ಬೀಜವನ್ನು ಯಾರೂ ಹುಡುಕುತ್ತಿರಲಿಲ್ಲ. ಸೊರಬದ ಕಾನುಗಳನ್ನೂ ಇದೇ ತಾಳ್ಮೆಯಿಂದ, ಮರಮರವಾಗಿ ನೋಡಬೇಕು.