ನಂದಿಯ ನೀರು, ಟೋಬಾದ ಬೂದಿ

2024ರ ನವೆಂಬರ್‌ನಲ್ಲಿ ಇಂಡೊನೇಷ್ಯಾದ ಲೆವೊಟೊಬಿ ಜ್ವಾಲಾಮುಖಿ ಬೂದಿ ಕಾರಿದಾಗ ಬಾಲಿಗೆ ಹೊರಟಿದ್ದ ಭಾರತದ ವಿಮಾನಗಳೂ ರದ್ದಾದವು. ಸುಮಾರು 74 ಸಾವಿರ ವರ್ಷಗಳ ಹಿಂದೆ ಅದೇ ದೇಶದ ಸುಮಾತ್ರಾದಲ್ಲಿ ಟೋಬಾ ಸಿಡಿದಾಗಲಾದರೋ ಬೂದಿಯೇ ನಮ್ಮಲ್ಲಿಗೆ ಬಂದು ಬಿತ್ತು. ಇಂದು ದೇವನಹಳ್ಳಿಯ ರನ್‌ವೇ ಇರುವ ದಿಣ್ಣೆಯೂ ಅದರ ದಾರಿಯಲ್ಲೇ ಇತ್ತು.

ಆ ಬೂದಿ ಏನಾಯಿತು? ದೊಡ್ಡಬಳ್ಳಾಪುರದಿಂದ ಕಾಣುವ ನಂದಿ ಸಾಲನ್ನು ಕೇಳಬೇಕು. ಸರ್ಕಾರಿ ನಕ್ಷೆಯಲ್ಲಿ ನಂದಿ ಬೆಟ್ಟ ಚಿಕ್ಕಬಳ್ಳಾಪುರದ್ದು, ಆದರೆ ಬೆಂಗಳೂರು ಗ್ರಾಮಾಂತರದ ಹೊಳೆಗಳಿಗೆ ತವರು ಅದೇ. ಅರ್ಕಾವತಿ ದೊಡ್ಡಬಳ್ಳಾಪುರದ ಕಡೆ ಇಳಿದು ಕಾವೇರಿ ಸೇರುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆ ಕೆರೆ ಹಾದು ತಮಿಳುನಾಡಿಗೆ ಹೋಗುತ್ತದೆ. ಉತ್ತರ ಪಿನಾಕಿನಿ ಆಂಧ್ರದ ಪಾಲು. ನೀರು ನಾಲ್ಕು ದಿಕ್ಕಿಗೆ ಹಂಚಿಹೋಗುವ ಇಂಥ ನೆತ್ತಿಯ ಮೇಲೆ ಹಗುರ ಬೂದಿ ನಿಲ್ಲುವುದು ಕಷ್ಟ.

ಅದು ನಿಂತ ಜಾಗ ಆಂಧ್ರದ ಬನಗಾನಪಲ್ಲಿ ಬಳಿಯ ಜ್ವಾಲಾಪುರಂ. ಅಲ್ಲಿನ ಜುರ್ರೇರು ಹಳ್ಳದ ನೀರು ಕುಂದೂ ನದಿಯ ಮೂಲಕ ಕೊನೆಗೆ ಸೇರುವುದು ನಮ್ಮ ಉತ್ತರ ಪಿನಾಕಿನಿಯನ್ನೇ. ಆಕಾಶದಿಂದ ನೇರ ಬಿದ್ದ ಬೂದಿ ಅಲ್ಲಿ ಕೆಲವೇ ಸೆಂಟಿಮೀಟರ್. ಸುತ್ತಲಿನ ಎತ್ತರಗಳಿಂದ ಮಳೆ ತೊಳೆದು ತಂದದ್ದೂ ಸೇರಿ ಪದರ ಎರಡೂವರೆ ಮೀಟರ್‌ವರೆಗೆ ಬೆಳೆದಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯಾ ತಂಡ ಇಲ್ಲಿ ಅಗೆದು, 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆಯಿತು: ಬೂದಿಯ ಕೆಳಗೂ ಕಲ್ಲಿನ ಆಯುಧ, ಮೇಲೂ ಹೆಚ್ಚುಕಡಿಮೆ ಅಂಥವೇ. ಹಿಮಯುಗದ ಚಳಿ, ಸೊರಗಿದ ಮುಂಗಾರು, ಇವೆರಡರ ಮೇಲೆ ಈ ಬೂದಿಯೂ ಬಿದ್ದಿತ್ತು. ಇದರಿಂದ ಮನುಕುಲವೇ ಅಳಿವಿನಂಚಿಗೆ ಹೋಗಿತ್ತೆಂಬ ವಾದಕ್ಕೆ ಅಲ್ಲಿ ಪೆಟ್ಟು ಬಿತ್ತು. ಆಯುಧ ಕೆತ್ತಿದವರು ಆಫ್ರಿಕಾದಿಂದ ಬಂದ ನಮ್ಮಂಥವರೇ ಎಂದು ಪೆಟ್ರಾಗ್ಲಿಯಾ. ಅಲ್ಲ, ನಮ್ಮವರು ಬಂದದ್ದು ಬೂದಿಯ ಎಷ್ಟೋ ಸಾವಿರ ವರ್ಷಗಳ ಮೇಲೆ ಎಂದು ಇನ್ನೊಬ್ಬ ಪುರಾತತ್ವಜ್ಞ ಪಾಲ್ ಮೆಲ್ಲರ್ಸ್. ಆ ಪದರಗಳಲ್ಲಿ ಮನುಷ್ಯರ ಮೂಳೆ ಸಿಗದೆ ಜಗಳ ತೀರುವಂತಿಲ್ಲ.

ಇತ್ತ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಹೆಸರಾದ ಉತ್ಖನನ ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯದು. 1957ರಲ್ಲಿ ಎಂ. ಶೇಷಾದ್ರಿ ಅಗೆದ ಅಲ್ಲಿನ ಕಲ್ಗೋರಿಗಳು ಕಬ್ಬಿಣ ಯುಗದವು, ಟೋಬಾ ಲೆಕ್ಕದಲ್ಲಿ ಮೊನ್ನೆ ಮೊನ್ನೆಯವು. ಟೋಬಾ ಕಾಲದ್ದನ್ನು ಬೆಟ್ಟದ ಮೇಲೆ ಹುಡುಕಿ ಫಲವಿಲ್ಲ. ಹೊಳೆದಂಡೆಯ ಹಳೆಯ ಮಣ್ಣಿನಲ್ಲೇ ನೋಡಬೇಕು. ಅರ್ಕಾವತಿಯ ಮರಳು ಬಗೆಯುವವರು, ದೇವನಹಳ್ಳಿ ಸುತ್ತ ಲೇಔಟ್‌ಗೆ ಜೆಸಿಬಿ ಇಳಿಸುವವರು ಆ ಮಣ್ಣನ್ನು ಯಾರಿಗೂ ತೋರಿಸದೆ ಲಾರಿಗೆ ತುಂಬುತ್ತಾರೆ. ಜ್ವಾಲಾಪುರಂನಲ್ಲೂ ಬೂದಿಯನ್ನು ಅಗೆದು ಮಾರುತ್ತಿದ್ದರು. ಅಲ್ಲಿ ಆ ಗುಂಡಿಗಳನ್ನು ಇಣುಕಿ ನೋಡಲು ಒಬ್ಬ ಪುರಾತತ್ವಜ್ಞ ಹೋಗಿದ್ದರು, ಅಷ್ಟೇ ವ್ಯತ್ಯಾಸ.