ಒಂದು ಮುಖ ಆಯ್ತು, ಮುಂದೆ?

ರೂಬಿಕ್ ಕ್ಯೂಬ್‌ನ ಒಂದು ಮುಖ ಪೂರ್ತಿ ಬಿಳಿ ಮಾಡಿದ್ರಿ.
ಆದ್ರೂ ಅಲ್ಲೇ ಸಿಕ್ಕಾಕೊಂಡಿದ್ದೀರಿ. ಯಾಕೆ?

ನೀವು ಬಣ್ಣ ಕೂಡಿಸ್ತಿದ್ದೀರಿ,
ತುಂಡುಗಳನ್ನಲ್ಲ.

ನಡುವಿನ ಚೌಕ ನೋಡಿ.
ಎಷ್ಟೇ ತಿರುಗಿಸಿ, ಬಿಳಿ ಎದುರಿಗೆ ಹಳದಿನೇ.
ಈ ಆರು ನಡುಚೌಕ, ರಂಗೋಲಿ ಚುಕ್ಕಿ ಇದ್ದಂಗೆ.
ಚುಕ್ಕಿ ಕದಲಲ್ಲ.
ಎಳೆ ಅದರ ಸುತ್ತ ಬರಬೇಕು.

ಮೊದಲು ಬಿಳಿ ಪ್ಲಸ್.
ಪ್ಲಸ್‌ನ ಪಕ್ಕದ ಬಣ್ಣನೂ ತನ್ನ ನಡುಚೌಕಕ್ಕೆ ಹೊಂದಬೇಕು.
ಬಹಳ ಜನ ಎಡವೋದು ಇಲ್ಲೇ.

ಬೇಜಾರಾಯ್ತಾ?
1974ರಲ್ಲಿ ಈ ಕ್ಯೂಬ್ ಮಾಡಿದ ಬುಡಾಪೆಸ್ಟ್‌ನ ಎರ್ನೋ ರೂಬಿಕ್‌ಗೇ
ಬಿಡಿಸೋಕೆ ಸುಮಾರು ಒಂದು ತಿಂಗಳು ಹಿಡೀತಂತೆ!

ಈಗ ಬಿಳಿ ಕೆಳಗೆ.
ಬಿಳಿ ಇರೋ ಮೂಲೆತುಂಡನ್ನ
ಅದರ ಜಾಗದ ನೇರ ಮೇಲೆ, ನಿಮ್ಮ ಮುಂದೆ ಬಲಗೈ ಕಡೆ ತನ್ನಿ.

ಬಲಬದಿ ಮೇಲಕ್ಕೆ.
ಮೇಲ್ಪದರ ಎಡಕ್ಕೆ.
ಬಲಬದಿ ಕೆಳಕ್ಕೆ.
ಮೇಲ್ಪದರ ಬಲಕ್ಕೆ.

ಮೂಲೆ ಸರಿಯಾಗಿ ಕೂರೋವರೆಗೂ ಇದೇ.
ಸುಮ್ನೆ ಆರು ಸಲ ಮಾಡಿ ನೋಡಿ,
ಕ್ಯೂಬ್ ಮೊದಲಿದ್ದಂಗೇ ವಾಪಸ್!

ಆಮೇಲೆ ನಡುಪದರ, ಕೊನೆಗೆ ಹಳದಿ.
ಹಳದಿ ಮೂಲೆಗಳನ್ನ ತಿರುಗಿಸುವಾಗ
ಮಾಡಿದ್ದೆಲ್ಲ ಕೆಟ್ಟುಹೋದಂಗೆ ಕಾಣುತ್ತೆ.
ಗಾಬರಿಯಾಗಿ ಕ್ಯೂಬ್‌ನ ಮಗುಚಬೇಡಿ.
ಹಿಡಿದಂಗೇ ಹಿಡ್ಕೊಂಡು,
ಹಳದಿ ಪದರ ಮಾತ್ರ ತಿರುಗಿಸಿ,
ಮುಂದಿನ ಮೂಲೆ ತನ್ನಿ.